ಬಂಕಿನ ಪೆಟ್ರೋಲ್‌ಗೂ ಹೊಲದ ಕಬ್ಬಿಗೂ ಏನು ಸಂಬಂಧ?

2025ರ ನವೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಅಪ್ಪನ ಹಳೇ ಸ್ಕೂಟರ್ ಎಷ್ಟು ಒದ್ದರೂ ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಬಂದು ಕಾರ್ಬುರೇಟರ್ ಬಿಚ್ಚಿ, ಒಳಗಿದ್ದ ಒಂದು ಪುಟ್ಟ ರಬ್ಬರ್ ವಾಷರ್ ತೆಗೆದು ನನ್ನ ಅಂಗೈ ಮೇಲಿಟ್ಟರು. ರಾತ್ರಿ ನೆನೆಸಿಟ್ಟ ಕಡಲೆಕಾಳಿನ ಹಾಗೆ ಉಬ್ಬಿ ಮೆತ್ತಗಾಗಿತ್ತು. "ಈಗಿನ ಪೆಟ್ರೋಲಲ್ಲಿ ಕಬ್ಬಿನ ಸ್ಪಿರಿಟ್ ಇರುತ್ತಲ್ಲಣ್ಣ, ಹಳೇ ರಬ್ಬರ್ ತಡೆಯಲ್ಲ" ಅಂದರು.

ಅದೇ ತಿಂಗಳು ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಹೆದ್ದಾರಿಯಲ್ಲಿ ಕೂತಿದ್ದರು. ಹಾವೇರಿ ಕಡೆ ಮೆಕ್ಕೆಜೋಳದ ರೈತರು ಬೆಂಬಲ ಬೆಲೆಗೆ ಖರೀದಿ ಮಾಡಿ ಎಂದು ಬೀದಿಗಿಳಿದಿದ್ದರು. ಉಬ್ಬಿದ ವಾಷರ್, ಕಬ್ಬಿನ ದರ, ಜೋಳದ ದರ ಮೂರೂ ಬೇರೆ ಬೇರೆ ಸುದ್ದಿ ಅನಿಸುತ್ತವೆ ಅಲ್ವಾ? ಆದರೆ ಮೂರೂ ಒಂದೇ ಬಳ್ಳಿಯ ಕಾಯಿಗಳು. ಆ ಬಳ್ಳಿಯ ಹೆಸರು ಜೈವಿಕ ಇಂಧನ. ಅದನ್ನು ಬೇರಿನಿಂದಲೇ ನೋಡಿಕೊಂಡು ಬರೋಣ.

ಜೈವಿಕ ಇಂಧನ ಅಂದರೆ

ಗಿಡ, ಬೀಜ, ಸಗಣಿ, ಕಸ, ಹೀಗೆ ಮೊನ್ನೆ ಮೊನ್ನೆವರೆಗೆ ಜೀವ ಇದ್ದ ವಸ್ತುವಿನಿಂದ ಮಾಡಿದ ಉರುವಲು. ಆ ಲೆಕ್ಕದಲ್ಲಿ ಸೌದೆಯೂ ಬೆರಣಿಯೂ ಜೈವಿಕ ಇಂಧನವೇ. ಪೆಟ್ರೋಲ್ ಕೂಡ ಒಂದು ಕಾಲದಲ್ಲಿ ಜೀವಿಗಳೇ, ಆದರೆ ಅವು ನೆಲದಡಿ ಹೂತುಹೋಗಿ ಕೋಟ್ಯಂತರ ವರ್ಷ ಆಗಿದೆ. ವ್ಯತ್ಯಾಸ ಇಷ್ಟೇ. ಕಬ್ಬು ಈ ವರ್ಷ ಗಾಳಿಯಿಂದ ಹೀರಿಕೊಂಡ ಇಂಗಾಲ, ಅದನ್ನು ಸುಟ್ಟಾಗ ಮತ್ತೆ ಗಾಳಿಗೆ ಹೋಗುತ್ತದೆ, ಮುಂದಿನ ವರ್ಷದ ಕಬ್ಬು ಅದನ್ನೇ ಹೀರುತ್ತದೆ. ಪೆಟ್ರೋಲ್ ಸುಟ್ಟರೆ ನೆಲದಡಿ ಬೀಗ ಹಾಕಿಟ್ಟಿದ್ದ ಇಂಗಾಲ ಹೊಸದಾಗಿ ಗಾಳಿಗೆ ಸೇರುತ್ತದೆ. ಹಾಗಂತ ಕಬ್ಬಿನ ಇಂಧನ ಪೂರ್ತಿ ಶುದ್ಧ ಎಂದೂ ಅಲ್ಲ. ಯೂರಿಯಾ ತಯಾರಿಸಲು, ಪಂಪ್‌ಸೆಟ್ ಓಡಿಸಲು, ಲಾರಿಯಲ್ಲಿ ಸಾಗಿಸಲು ಹಳೇ ಇಂಧನವೇ ಬೇಕು.

ನಮ್ಮ ದೇಶದಲ್ಲಿ ಈಗ ಮಾತಿಗೆ ಬರುವುದು ಮುಖ್ಯವಾಗಿ ಮೂರು. ಪೆಟ್ರೋಲ್‌ಗೆ ಬೆರೆಸುವ ಎಥನಾಲ್, ಡೀಸೆಲ್‌ಗೆ ಬೆರೆಸುವ ಬಯೋಡೀಸೆಲ್, ಸಿಎನ್‌ಜಿ ಜಾಗಕ್ಕೆ ಬರುವ ಜೈವಿಕ ಅನಿಲ.

ಕಬ್ಬಿನ ಹಾಲು ಸ್ಪಿರಿಟ್ ಆಗುವುದು ಹೇಗೆ

ದೋಸೆ ಹಿಟ್ಟು ರಾತ್ರಿ ಉಬ್ಬುವುದನ್ನು ನೋಡಿದ್ದೀರಲ್ಲ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಗಾಳಿ ಬಿಡುತ್ತವೆ. ಸ್ಪಿರಿಟ್ ತಯಾರಿಸುವ ಕಾರ್ಖಾನೆಯಲ್ಲೂ, ಅಂದರೆ ಡಿಸ್ಟಿಲರಿಯಲ್ಲೂ, ಇದೇ ನಡೆಯುತ್ತದೆ, ಆದರೆ ಲಕ್ಷಾಂತರ ಲೀಟರ್ ಹಿಡಿಯುವ ಟ್ಯಾಂಕಿನಲ್ಲಿ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಬಿಡುತ್ತದೆ. ಅದನ್ನು ಕಾಯಿಸಿ ಭಟ್ಟಿ ಇಳಿಸುತ್ತಾರೆ. ಎಷ್ಟೇ ಸಲ ಭಟ್ಟಿ ಇಳಿಸಿದರೂ ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ನೀರು ಅಂಟಿಕೊಂಡೇ ಇರುತ್ತದೆ. ಬೇರೆ ವಿಧಾನದಿಂದ ಆ ನೀರನ್ನೂ ತೆಗೆದ ಮೇಲೆ ಸಿಗುವುದೇ ಪೆಟ್ರೋಲ್‌ಗೆ ಬೆರೆಸುವ ಎಥನಾಲ್.

ಸಕ್ಕರೆ ಎಲ್ಲಿಂದ ಬರಬೇಕು ಎನ್ನುವುದರಲ್ಲಿ ಮೂರು ದಾರಿ ಇವೆ. ಆಲೆಮನೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಒಂದು, ಕಬ್ಬಿನ ಹಾಲನ್ನೇ ನೇರವಾಗಿ ಹುದುಗಿಸುವುದು. ಆಗ ಸಕ್ಕರೆ ಸಿಗುವುದಿಲ್ಲ. ಇನ್ನೊಂದು, ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯಿಂದ ಮಾಡುವುದು. ಇದಕ್ಕೆ ಸಿ-ಹೆವಿ ಎನ್ನುತ್ತಾರೆ, ಇದರಲ್ಲಿ ಎಥನಾಲ್ ಕಡಿಮೆ. ಎರಡರ ನಡುವಿನದು ಬಿ-ಹೆವಿ. ಸ್ವಲ್ಪ ಸಕ್ಕರೆ ತೆಗೆದು, ಉಳಿದದ್ದನ್ನು ಕಾಕಂಬಿಯಲ್ಲೇ ಬಿಟ್ಟು, ಅದನ್ನು ಹುದುಗಿಸುವುದು. ಒಂದು ಟನ್ ಕಬ್ಬು ಅರೆದು ಬರುವ ಹಾಲಿನಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ.

ಮೆಕ್ಕೆಜೋಳ, ಅಕ್ಕಿಯಿಂದಲೂ ಮಾಡಬಹುದು. ಅಲ್ಲಿರುವುದು ಪಿಷ್ಟ. ಅದನ್ನು ಮೊದಲು ಸಕ್ಕರೆ ಮಾಡಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ. ಅನ್ನವನ್ನು ಬಾಯಲ್ಲಿಟ್ಟು ಅಗಿಯುತ್ತಾ ಹೋದರೆ ಸಿಹಿ ಆಗುತ್ತದಲ್ಲ, ಹಾಗೆ. ಒಂದು ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್, ಅಕ್ಕಿಗೆ ಸುಮಾರು 450 ಲೀಟರ್.

ಇಪ್ಪತ್ತಕ್ಕೆ ಬಂದದ್ದು ಹೇಗೆ, ಯಾಕೆ

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಪಾಲನ್ನು ಹೊರಗಿನಿಂದ ತರುತ್ತದೆ. ಡಾಲರ್ ಕೊಟ್ಟು ತರಬೇಕು. ಎಲ್ಲೋ ಯುದ್ಧ ಆದರೆ ಇಲ್ಲಿ ತರಕಾರಿ ಬೆಲೆ ಏರುತ್ತದೆ. ಎಥನಾಲ್ ಬೆರೆಸುವ ಯೋಚನೆ ಹುಟ್ಟಿದ್ದು ಇಲ್ಲಿಂದ. 2003ರ ಜನವರಿಯಲ್ಲಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ ಐದು ಪಾಲು ಬೆರೆಸಲು ಶುರು ಮಾಡಿದರು. ಹತ್ತು ವರ್ಷ ಕಳೆದರೂ ಅದು ಕುಂಟುತ್ತಲೇ ಇತ್ತು. 2013-14ರಲ್ಲಿ ಇದ್ದದ್ದು ನೂರಕ್ಕೆ ಒಂದೂವರೆ ಪಾಲು. ಆಮೇಲೆ ಸರ್ಕಾರ ಎಥನಾಲ್‌ಗೆ ನಿಗದಿತ ಬೆಲೆ ಕಟ್ಟಿತು, ಡಿಸ್ಟಿಲರಿ ಕಟ್ಟಲು ಬಡ್ಡಿ ಸಹಾಯ ಕೊಟ್ಟಿತು, 2018ರ ನೀತಿಯಲ್ಲಿ ಕಬ್ಬಿನ ಹಾಲು ಮತ್ತು ಧಾನ್ಯ ಬಳಸಲು ದಾರಿ ಬಿಟ್ಟಿತು. 2022ರ ಜೂನ್‌ನಲ್ಲಿ ಹತ್ತು ಪಾಲು ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. 2030ಕ್ಕೆ ಇಟ್ಟುಕೊಂಡಿದ್ದ ಇಪ್ಪತ್ತರ ಗುರಿ 2025ರಲ್ಲೇ ತಲುಪಿತು.

ಸಕ್ಕರೆ ಕಾರ್ಖಾನೆಗಳಿಗೂ ಇದರಿಂದ ಅನುಕೂಲ ಆಗಿದೆ. ಸಕ್ಕರೆ ಮಾರಿ ದುಡ್ಡು ನೋಡಲು ತಿಂಗಳುಗಟ್ಟಲೆ ಕಾಯಬೇಕು. ತೈಲ ಕಂಪನಿಗಳು ಎಥನಾಲ್‌ಗೆ ಕೆಲವೇ ವಾರಗಳಲ್ಲಿ ಹಣ ಕೊಡುತ್ತವೆ. ಕಬ್ಬಿನ ಬಾಕಿಗಾಗಿ ವರ್ಷಾನುಗಟ್ಟಲೆ ಕಾರ್ಖಾನೆ ಗೇಟಿನ ಮುಂದೆ ಕಾದವರಿಗೆ ಇದರ ಬೆಲೆ ಗೊತ್ತು. 2014-15ರಿಂದ 2025ರ ಮಧ್ಯದವರೆಗೆ ಸುಮಾರು 1.44 ಲಕ್ಷ ಕೋಟಿ ರೂಪಾಯಿ ವಿದೇಶಿ ವಿನಿಮಯ ಉಳಿದಿದೆ ಎಂದು ಕೇಂದ್ರ ಸರ್ಕಾರ ಹೇಳುತ್ತದೆ.

ಮೈಲೇಜ್ ಯಾಕೆ ಬೀಳುತ್ತದೆ, ಬೆಲೆ ಯಾಕೆ ಇಳಿಯಲಿಲ್ಲ

ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ, ಒಂದು ಲೀಟರ್ ಪೆಟ್ರೋಲ್‌ನ ಮೂರನೇ ಎರಡು ಭಾಗ ಮಾತ್ರ. ಐದು ಲೀಟರ್ ಹಾಕಿಸಿದರೆ ಅದರಲ್ಲಿ ನಾಲ್ಕು ಪೆಟ್ರೋಲ್, ಒಂದು ಎಥನಾಲ್. ಕೂಡಿ ನೋಡಿದರೆ ಶಕ್ತಿ ನೂರಕ್ಕೆ ಆರೇಳು ಪಾಲು ಕಡಿಮೆ ಬರುತ್ತದೆ. ಎಥನಾಲ್‌ಗೆ ಆಕ್ಟೇನ್ ಜಾಸ್ತಿ, ಅಂದರೆ ಎಂಜಿನ್ ಒಳಗೆ ಹೆಚ್ಚು ಒತ್ತಡ ಬಿದ್ದರೂ ಹೊತ್ತಿಗೆ ಮುಂಚೆ ಹತ್ತಿಕೊಳ್ಳುವುದಿಲ್ಲ. ಅದಕ್ಕೆ ಹೊಂದಿಸಿದ ಹೊಸ ಎಂಜಿನ್ ಈ ಗುಣವನ್ನು ಬಳಸಿಕೊಂಡು ನಷ್ಟವನ್ನು ಬಹುಪಾಲು ತುಂಬಿಕೊಳ್ಳುತ್ತದೆ. ನೀತಿ ಆಯೋಗದ 2021ರ ವರದಿಯಲ್ಲೇ ಈ ಲೆಕ್ಕ ಇದೆ. ಇ20ಗೆ ಹೊಂದಿಸಿದ ಕಾರುಗಳಲ್ಲಿ ನಷ್ಟ ನೂರಕ್ಕೆ 1ರಿಂದ 2, ಹಳೇ ಕಾರುಗಳಲ್ಲಿ 6ರಿಂದ 7, ಹಳೇ ಬೈಕ್‌ಗಳಲ್ಲಿ 3ರಿಂದ 4.

ಎಥನಾಲ್‌ಗೆ ನೀರು ಕಂಡರೆ ಪ್ರೀತಿ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಗಾಡಿಯ ಟ್ಯಾಂಕಿಗೆ ನೀರು ಸೇರಿದರೆ, ಎಥನಾಲ್ ಆ ನೀರಿನ ಜೊತೆ ಸೇರಿಕೊಂಡು ತಳಕ್ಕೆ ಇಳಿಯುತ್ತದೆ. ಹಳೇ ಗಾಡಿ ಇರುವವರು ಎರಡು ಕೆಲಸ ಮಾಡಿದರೆ ಒಳ್ಳೆಯದು. ರಬ್ಬರ್ ಪೈಪು ವಾಷರ್‌ಗಳನ್ನು ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಿಸಿ. ಗಾಡಿಯನ್ನು ಸುಮ್ನೆ ನಿಲ್ಲಿಸಿಡಬೇಡಿ. ಅಪ್ಪನ ಸ್ಕೂಟರ್‌ಗೆ ಅಷ್ಟೇ ಮಾಡಿದ್ದು, ಈಗ ಓಡುತ್ತಿದೆ.

ಬೆಲೆ ಯಾಕೆ ಇಳಿಯಲಿಲ್ಲ ಎನ್ನುವವರಿಗೆ ಉತ್ತರ ನೇರ ಇದೆ. ಎಥನಾಲ್ ಅಗ್ಗ ಅಲ್ಲ. 2024-25ರಲ್ಲಿ ತೈಲ ಕಂಪನಿಗಳು ಸಾಗಣೆ, ತೆರಿಗೆ ಸೇರಿ ಲೀಟರಿಗೆ ಸರಾಸರಿ 71 ರೂಪಾಯಿಯ ಮೇಲೆ ಕೊಟ್ಟಿವೆ. ಅದು ತೆರಿಗೆ ಸೇರಿಸುವ ಮುಂಚಿನ ಆಗಿನ ಪೆಟ್ರೋಲ್‌ಗಿಂತ ದುಬಾರಿಯಾಗಿತ್ತು. ದೇಶಕ್ಕೆ ಡಾಲರ್ ಉಳಿಯಿತು ನಿಜ, ಆದರೆ ಆ ಉಳಿತಾಯ ಬಂಕಿನ ಬಿಲ್ಲಿನಲ್ಲಿ ಕಾಣುವಂಥದ್ದಲ್ಲ. ಬೆರೆಸಲು ಶುರು ಮಾಡಿದಾಗಲೇ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿತ್ತು ಎನ್ನುವುದು ನನ್ನ ಅನಿಸಿಕೆ.

ಒಂದು ಲೀಟರ್‌ಗೆ ಮೂರು ಸಿಂಟೆಕ್ಸ್ ನೀರು

ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಬರಬೇಕಾದರೆ ಹೊಲದಲ್ಲಿ ಸುಮಾರು 2,860 ಲೀಟರ್ ನೀರು ಬೇಕು. ಇದೂ ನೀತಿ ಆಯೋಗದ ವರದಿಯಲ್ಲಿ ಬರುವ ಲೆಕ್ಕ. ಮನೆ ತಾರಸಿಯ ಮೇಲಿರುವ ಸಾವಿರ ಲೀಟರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಅಂಥ ಮೂರು ಟ್ಯಾಂಕ್. ಅದೇ ವರದಿಯ ಪ್ರಕಾರ ದೇಶದ ನೀರಾವರಿ ನೀರಿನ ನೂರಕ್ಕೆ 70 ಪಾಲನ್ನು ಕಬ್ಬು ಮತ್ತು ಭತ್ತ ಎರಡೇ ಕುಡಿಯುತ್ತವೆ.

ಹಾಗಾದರೆ ರೈತರು ಕಬ್ಬನ್ನೇ ಯಾಕೆ ಹಾಕುತ್ತಾರೆ? ಮಂಡ್ಯದಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಕೇಳಿ ನೋಡಿ. ಮಳೆ ಗಾಳಿಗೆ ಅಷ್ಟು ಬೇಗ ಹಾಳಾಗಲ್ಲ, ಒಂದು ಸಲ ನಾಟಿ ಮಾಡಿದರೆ ಕೂಳೆ ಬೆಳೆ ಬರುತ್ತದೆ, ದಿನಾ ಹೊಲಕ್ಕೆ ಹೋಗಬೇಕಿಲ್ಲ, ಕೊಳ್ಳಲು ಕಾರ್ಖಾನೆ ಇದೆ, ಸರ್ಕಾರ ದರ ನಿಗದಿ ಮಾಡುತ್ತದೆ. ಟೊಮೇಟೊ ಬೆಳೆದು ರಸ್ತೆಗೆ ಸುರಿದವರಿಗೆ ಕಬ್ಬು ಭರವಸೆಯ ಬೆಳೆ ಅನಿಸುವುದು ಸಹಜ. ತೊಂದರೆ ಕಾಣುವುದು ಮಳೆ ಕೈಕೊಟ್ಟ ವರ್ಷ. 2023ರಲ್ಲಿ ಹಾಗೇ ಆಯಿತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತ ಎಂದು ಘೋಷಣೆ ಆದವು. ಸಕ್ಕರೆ ಕಡಿಮೆ ಬೀಳಬಹುದು ಎಂದು ಕೇಂದ್ರ ಸರ್ಕಾರ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದನ್ನೇ ನಿಲ್ಲಿಸಿತು. ಸಾಲ ಮಾಡಿ ಕಟ್ಟಿದ ಯಂತ್ರಗಳು ಹಂಗಾಮಿನ ನಡುವೆಯೇ ನಿಂತವು.

ಬ್ರೆಜಿಲ್ ಮಾಡಿಲ್ವಾ ಎಂದು ಕೇಳುವವರು ಇದ್ದಾರೆ. ಮಾಡಿದೆ, 1975ರಿಂದಲೇ, ಈಗ ಅಲ್ಲಿ ನೂರಕ್ಕೆ 30 ಪಾಲು ಬೆರೆಸುತ್ತಾರೆ. ಆದರೆ ಆ ದೇಶ ನಮಗಿಂತ ಎರಡೂವರೆ ಪಟ್ಟು ದೊಡ್ಡದು, ಜನ ಸುಮಾರು 21 ಕೋಟಿ, ಮತ್ತು ಅಲ್ಲಿನ ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ, ಕಾಲುವೆಯನ್ನೋ ಬೋರ್‌ವೆಲ್ಲನ್ನೋ ನಂಬಿಕೊಂಡಿಲ್ಲ.

ಜೋಳ ಬಂದಾಗ ಕೋಳಿಗೂ ತಟ್ಟಿತು

ಕಬ್ಬು ನಿಂತಾಗ ಸರ್ಕಾರ ಮೆಕ್ಕೆಜೋಳದ ಕಡೆ ತಿರುಗಿತು. ಲೀಟರಿಗೆ 71 ರೂಪಾಯಿ 86 ಪೈಸೆ ಬೆಲೆ ಕಟ್ಟಿತು, ಕಬ್ಬಿನ ಎಥನಾಲ್‌ಗಿಂತ ಜಾಸ್ತಿ. ನಮ್ಮಲ್ಲಿ ಮೆಕ್ಕೆಜೋಳ ಬಹುಪಾಲು ಮಳೆ ಬೆಳೆ, ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ. ನೀರಿನ ಲೆಕ್ಕದಲ್ಲಿ ಇದು ಮೇಲು. ಆದರೆ ಮೆಕ್ಕೆಜೋಳಕ್ಕೆ ಮೊದಲೇ ಒಬ್ಬ ದೊಡ್ಡ ಗಿರಾಕಿ ಇದ್ದ, ಕೋಳಿ. ಕೋಳಿ ಆಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳವೇ ಇರುತ್ತದೆ. ಇಬ್ಬರೂ ಒಂದೇ ಮಂಡಿಯಲ್ಲಿ ಕೂಗಿದಾಗ ದರ ಏರಿತು, ಫಾರಂ ನಡೆಸುವವರು ಕಂಗಾಲಾದರು. ಹಿಂದೆ ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ರಫ್ತಿಗಿಂತ ಜಾಸ್ತಿ ಆಮದು ಮಾಡಿಕೊಂಡಿತು.

ದರ ನೋಡಿ ರೈತರು ಜಾಸ್ತಿ ಬಿತ್ತಿದರು. 2025ರ ಕೊನೆಗೆ ಬೆಳೆ ಬಂಪರ್ ಬಂತು, ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ನಮ್ಮ ಮಂಡಿಗಳಲ್ಲಿ ದರ ಎರಡು ಸಾವಿರದ ಕೆಳಗೆ ಬಿತ್ತು. ಹಾವೇರಿಯವರು ಬೀದಿಗೆ ಬಂದದ್ದು ಇದಕ್ಕೇ.

ಅಕ್ಕಿಯದ್ದು ಇನ್ನೂ ಸೂಕ್ಷ್ಮ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿಗೆ ಅಕ್ಕಿ ಸಿಗದೆ ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ದುಡ್ಡು ಹಾಕಿತ್ತು, ನೆನಪಿದೆಯಾ? ಅದೇ ಹೊತ್ತಿಗೆ ಕೇಂದ್ರದ ಆಹಾರ ನಿಗಮದ (ಎಫ್‌ಸಿಐ) ಗೋದಾಮಿನ ಅಕ್ಕಿ ಡಿಸ್ಟಿಲರಿಗಳಿಗೂ ಹೋಗುತ್ತಿತ್ತು. ಟೀಕೆ ಬಂತು, ಜುಲೈನಲ್ಲಿ ಅದು ನಿಂತಿತು, ಗೋದಾಮು ತುಂಬಿದ ಮೇಲೆ ಮರುವರ್ಷ ಮತ್ತೆ ಶುರುವಾಯಿತು. ಬಡ ದೇಶಗಳಲ್ಲಿ ಜೈವಿಕ ಇಂಧನದ ಮಾತು ಬಂದಾಗಲೆಲ್ಲ ಕೇಳಿಬರುವ 'ತಟ್ಟೆಯೋ ಟ್ಯಾಂಕೋ' ಎಂಬ ಪ್ರಶ್ನೆ ಇದೇ.

ಡಿಸ್ಟಿಲರಿ ಇದೆ, ಆರ್ಡರ್ ಇಲ್ಲ

ಈಗಿನ ತೊಡಕು ಬೇರೆ. ಎಲ್ಲರೂ ಡಿಸ್ಟಿಲರಿ ಕಟ್ಟಿದರು, ಆದರೆ ಇಪ್ಪತ್ತು ಪಾಲಿನ ಮೇಲೆ ಕೊಳ್ಳುವವರಿಲ್ಲ. 2025-26ಕ್ಕೆ ಕಾರ್ಖಾನೆಗಳು 1,700 ಕೋಟಿ ಲೀಟರಿಗೂ ಜಾಸ್ತಿ ಕೊಡುತ್ತೇವೆ ಅಂದವು. ತೈಲ ಕಂಪನಿಗಳು ಹಂಚಿದ್ದು ಸುಮಾರು 1,050 ಕೋಟಿ. ಅದರಲ್ಲೂ ಧಾನ್ಯದ್ದೇ ಸಿಂಹಪಾಲು, ಕಬ್ಬಿನದು ನೂರಕ್ಕೆ 28ರಷ್ಟು. ಕರ್ನಾಟಕದಲ್ಲಿ 270 ಕೋಟಿ ಲೀಟರ್ ಮಾಡುವ ಶಕ್ತಿ ಇದ್ದರೂ 47 ಕೋಟಿ ಲೀಟರ್ ಮಾತ್ರ ಹಂಚಿದ್ದಾರೆ ಎಂದು ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಇನ್ನೊಂದು ಕಡೆ ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಿಂದ ಕೆಜಿಗೆ 31 ರೂಪಾಯಿಯಲ್ಲೇ ನಿಂತಿತ್ತು. ಎಥನಾಲ್ ಹೋಗುತ್ತಿಲ್ಲ, ಸಕ್ಕರೆಗೆ ಬೆಲೆ ಇಲ್ಲ, ಕಬ್ಬಿಗೆ ಎಲ್ಲಿಂದ ಕೊಡಲಿ ಎನ್ನುವುದು ಕಾರ್ಖಾನೆಗಳ ಮಾತು. ಗೊಬ್ಬರ, ಕಟಾವು ಕೂಲಿ, ಸಾಗಣೆ ಎಲ್ಲ ಏರಿದೆ, ನಮಗೇನು ಉಳಿಯಿತು ಎನ್ನುವುದು ರೈತರ ಮಾತು. ಗುರ್ಲಾಪುರದ ಹೋರಾಟ 3,300 ರೂಪಾಯಿಗೆ ಒಪ್ಪಂದವಾಗಿ ಮುಗಿಯಿತು.

ಹೊಂಗೆ ಹೇಳುವ ಪಾಠ

ತಟ್ಟೆಗೂ ಬೇಡದ, ಕಾಲುವೆ ನೀರೂ ಕೇಳದ ಬೆಳೆ ಇಲ್ಲವೇ? ಇದೆ. ನಮ್ಮೂರಿನ ರಸ್ತೆ ಬದಿಯಲ್ಲೇ ಇದೆ. ಹೊಂಗೆ ನೆರಳು ತಾಯಿ ಮಡಿಲು ಎಂದು ಹಿರಿಯರು ಹೇಳುವ ಅದೇ ಮರ.

ಕನ್ನಡ ನಾಡಿಗೆ ಇಲ್ಲಿ ಹೆಮ್ಮೆ ಪಡುವ ಕಥೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲೇ ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. ಕಗ್ಗನಹಳ್ಳಿ ಎಂಬ ಹಳ್ಳಿಯಲ್ಲಿ ಆ ಎಂಜಿನ್‌ಗಳಿಂದ ಹೊಲಕ್ಕೆ ನೀರೆತ್ತಿದರು. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನದ ಬಳಿ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಶುರು ಮಾಡಿತು. ಅವರ ಯೋಚನೆ ಸೊಗಸಾಗಿತ್ತು. ಹೊಲದಲ್ಲಿ ಬೇಡ, ಬದುವಿನ ಮೇಲೆ, ಬೇಲಿಯಲ್ಲಿ, ಹೊಂಗೆ, ಬೇವು, ಹಿಪ್ಪೆ, ಸಿಮರೂಬ ನೆಡಿ. ಊಟದ ಬೆಳೆ ಹಾಗೇ ಇರಲಿ. ರಾಜ್ಯ ಸರ್ಕಾರವೂ 'ಬರಡು ಬಂಗಾರ', 'ಹಸಿರು ಹೊನ್ನು' ಎಂಬ ಹೆಸರಿನಲ್ಲಿ ಗಿಡ ನೆಡಿಸಿತು.

ಎಣ್ಣೆಯನ್ನು ಡೀಸೆಲ್ ಮಾಡುವುದು ಕಷ್ಟದ ವಿದ್ಯೆ ಅಲ್ಲ. ಹೊಂಗೆ ಎಣ್ಣೆ ಮಂದ, ಎಂಜಿನ್ನಿನ ಸಣ್ಣ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿ ಕಲಕಿದರೆ ಎರಡು ಪದರ ಆಗುತ್ತದೆ. ಮೇಲಿನದು ತೆಳ್ಳಗಿನ ಬಯೋಡೀಸೆಲ್, ತಳದಲ್ಲಿ ಗ್ಲಿಸರಿನ್. ನೂರು ಕೆಜಿ ಎಣ್ಣೆಗೆ ಹೆಚ್ಚುಕಡಿಮೆ ನೂರು ಕೆಜಿ ಬಯೋಡೀಸೆಲ್.

ಕಷ್ಟ ಇರುವುದು ಬೀಜ ಆರಿಸುವಲ್ಲಿ. ನಾನು ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಹೊಂಗೆ ಕಾಯಿ ಆರಿಸಿದ್ದೇನೆ. ಬೇಸಿಗೆಯಲ್ಲಿ ಒಣಗಿದ ಕಾಯಿ ಉದುರುತ್ತವೆ. ಬಗ್ಗಿ ಒಂದೊಂದೇ ಹೆಕ್ಕಬೇಕು. ಅಂಗಳದಲ್ಲಿ ಹರಡಿ ಕೋಲಿನಿಂದ ಬಡಿದರೆ ಸಿಪ್ಪೆ ಸಿಡಿದು ಒಂದು ಕಾಯಿಗೆ ಒಂದು ಬೀಜ, ಅಪರೂಪಕ್ಕೆ ಎರಡು. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಬೇಕು. ಒಂದು ಲೀಟರ್ ಎಣ್ಣೆಗೆ ನಾಲ್ಕು ಕೆಜಿಯಷ್ಟು ಬೀಜ ಬೇಕು. ಮಧ್ಯಾಹ್ನವಿಡೀ ಬಡಿದರೂ ಗೋಣಿಚೀಲದ ತಳ ತುಂಬುತ್ತಿರಲಿಲ್ಲ. ಇಡೀ ದಿನ ಹೀಗೆ ಆರಿಸಿದವರಿಗೆ ಸಿಗುವ ದುಡ್ಡು ಕೂಲಿಗೆ ಹೋದರೆ ಸಿಗುವುದಕ್ಕಿಂತ ಕಡಿಮೆ ಆದರೆ ಯಾರು ಬಗ್ಗುತ್ತಾರೆ? ಗಿಡ ನೆಟ್ಟು ಕಾಯಿ ನೋಡಲು ಐದಾರು ವರ್ಷ ಕಾಯಬೇಕು. ಒಂದು ವರ್ಷ ಮೈತುಂಬ ಕಾಯಿ, ಮುಂದಿನ ವರ್ಷ ಅರ್ಧವೂ ಇಲ್ಲ. ಸಿಕ್ಕ ಬೀಜಕ್ಕೆ ಸೋಪಿನವರು, ಹಿಂಡಿ ವ್ಯಾಪಾರಿಗಳು ಮೊದಲೇ ಕಾಯುತ್ತಿರುತ್ತಾರೆ.

ಹೊಂಗೆಯ ಹಾಗೇ ಎಣ್ಣೆ ಬೀಜ ಬಿಡುವ ಜತ್ರೋಪಾ ಗಿಡದ ಕಥೆ ಇನ್ನೂ ದೊಡ್ಡದು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಕೋಟಿ ಹೆಕ್ಟೇರ್ ಲೆಕ್ಕದಲ್ಲಿ ಜತ್ರೋಪಾ ನೆಡುವ, 2011-12ಕ್ಕೆ ಡೀಸೆಲ್‌ಗೆ ನೂರಕ್ಕೆ 20 ಪಾಲು ಬೆರೆಸುವ ಕನಸು ಮುಂದಿಟ್ಟಿತು. ಬರಡು ನೆಲದಲ್ಲೂ ಬದುಕುವ ಗಿಡ ಅದು, ನಿಜ. ಆದರೆ ನೀರು ಗೊಬ್ಬರ ಇಲ್ಲದೆ ಬದುಕುವುದು ಬೇರೆ, ಕಾಯಿ ಬಿಡುವುದು ಬೇರೆ. ಎಷ್ಟೋ ಕಡೆ ರೈತರೇ ಕಿತ್ತು ಹಾಕಿದರು. ಇವತ್ತಿಗೂ ಡೀಸೆಲ್‌ನಲ್ಲಿ ಬಯೋಡೀಸೆಲ್ ಪಾಲು ನೂರಕ್ಕೆ ಒಂದು ಕೂಡ ಇಲ್ಲ. 2030ಕ್ಕೆ ಐದು ಎನ್ನುವುದು ಈಗಿನ ಗುರಿ. ಅಡುಗೆ ಎಣ್ಣೆ ಬಳಸೋಣ ಎಂದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನಾವು ಆಮದು ಮಾಡಿಕೊಳ್ಳುತ್ತಿದ್ದೇವೆ.

ಹುಲ್ಲು, ಸಗಣಿ, ಕರಿದ ಎಣ್ಣೆ

ಹಾಗಾಗಿ ಈಗ ಎಲ್ಲರ ಕಣ್ಣು ಕಸದ ಮೇಲೆ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಶುರುವಾದ ಇಂಡಿಯನ್ ಆಯಿಲ್ ಘಟಕವನ್ನು ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತೆಗೆಯಲು ಕಟ್ಟಿದ್ದಾರೆ. ಇದಕ್ಕೆ ಎರಡನೇ ತಲೆಮಾರಿನ ಎಥನಾಲ್ ಎನ್ನುತ್ತಾರೆ. ಹುಲ್ಲಿನಲ್ಲೂ ಸಕ್ಕರೆ ಇದೆ, ಆದರೆ ಗಟ್ಟಿ ನಾರಿನೊಳಗೆ ಬೀಗ ಹಾಕಿಕೊಂಡಿದೆ. ನಮಗೆ ಹುಲ್ಲು ಜೀರ್ಣ ಆಗಲ್ಲ, ಹಸುವಿಗೆ ಆಗುತ್ತದೆ, ಯಾಕೆಂದರೆ ಅದರ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಆ ಬೀಗ ತೆಗೆಯಲು ಬರುತ್ತದೆ. ಕಾರ್ಖಾನೆ ಅದೇ ಕೆಲಸವನ್ನು ದುಬಾರಿ ಕಿಣ್ವಗಳಿಂದ ಮಾಡಬೇಕು. ಅದಕ್ಕಿಂತ ದೊಡ್ಡ ಕೆಲಸ ಹುಲ್ಲು ಕೂಡಿಸುವುದು. ಕೊಯ್ಲಾದ ಕೆಲವೇ ವಾರಗಳಲ್ಲಿ ಸಾವಿರಾರು ಹೊಲಗಳಿಂದ ಕಟ್ಟು ಕಟ್ಟಿ ತಂದು, ಬೆಂಕಿ ಬೀಳದ ಹಾಗೆ ವರ್ಷವಿಡೀ ಕಾಪಾಡಬೇಕು. ಪಂಜಾಬ್, ಹರಿಯಾಣದಲ್ಲಿ ಹುಲ್ಲು ಸುಡುತ್ತಾರೆ, ಹಾಗಾಗಿ ಅಲ್ಲಿ ಅದು ಕಸ. ನಮ್ಮಲ್ಲಿ ಹಾಗಲ್ಲ. ಬಣವೆ ಹಾಕಿಟ್ಟ ಹುಲ್ಲು ಬೇಸಿಗೆಯಲ್ಲಿ ದನದ ಹೊಟ್ಟೆ ತುಂಬಿಸಬೇಕು. ನಮಗೆ ಸಿಗುವುದು ಕಬ್ಬಿನ ರವದಿ, ಅಂದರೆ ಒಣ ಗರಿ. ಕಟಾವಾದ ಮೇಲೆ ಗದ್ದೆಗೆ ಬೆಂಕಿ ಇಟ್ಟು ಅದನ್ನು ಸುಡುವುದು ಮಾಮೂಲಿ.

ಅನಿಲದ್ದೂ ಹೆಚ್ಚುಕಡಿಮೆ ಇದೇ ಕಥೆ. ಸಗಣಿ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಎಂಬ ಕೆಸರು, ಊರಿನ ಹಸಿ ಕಸ ಕೊಳೆಸಿದರೆ ಗೋಬರ್ ಗ್ಯಾಸ್. ಅದನ್ನು ಶುದ್ಧ ಮಾಡಿ ಒತ್ತಿ ತುಂಬಿದರೆ ಸಿಎನ್‌ಜಿ ಗಾಡಿಗೆ ಹಾಕಬಹುದು. 2018ರಲ್ಲಿ ಇಂಥ ಅನಿಲಕ್ಕೆಂದೇ ಕೇಂದ್ರದ ಸತತ್ ಯೋಜನೆ ಶುರುವಾದಾಗ 5,000 ಘಟಕದ ಗುರಿ ಇತ್ತು, ಅದರ ಹತ್ತಿರಕ್ಕೂ ಹೋಗಲಿಲ್ಲ. ಬೇರ್ಪಡಿಸದ ಕಸ ಬಂದರೆ ಪ್ಲಾಸ್ಟಿಕ್ ತೆಗೆಯುವುದರಲ್ಲೇ ದಿನ ಹೋಗುತ್ತದೆ. ಈಗ ಕೊಳವೆ ಅನಿಲದಲ್ಲೂ ವಾಹನದ ಸಿಎನ್‌ಜಿಯಲ್ಲೂ ಜೈವಿಕ ಅನಿಲ ಬೆರೆಸುವುದನ್ನು ಕಡ್ಡಾಯ ಮಾಡುತ್ತಿದ್ದಾರೆ, 2028-29ಕ್ಕೆ ನೂರಕ್ಕೆ ಐದು ಪಾಲು. ಕೊಳ್ಳುವವರು ಖಚಿತವಾದರೆ ಕಟ್ಟುವವರೂ ಮುಂದೆ ಬರುತ್ತಾರೆ, ಎಥನಾಲ್‌ನಲ್ಲಿ ಆದದ್ದೂ ಅದೇ.

ಇನ್ನು ಕರಿದ ಎಣ್ಣೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ವಸ್ತುಗಳು ನೂರಕ್ಕೆ 25 ಪಾಲು ಮೀರಿದರೆ ಅಡುಗೆಗೆ ಬಳಸುವಂತಿಲ್ಲ ಎಂದು 2018ರ ಜುಲೈನಿಂದ ನಿಯಮ ಇದೆ. ಆ ಎಣ್ಣೆಯಿಂದ ಬಯೋಡೀಸೆಲ್ ಆಗುತ್ತದೆ, ವಿಮಾನದ ಇಂಧನವೂ ಆಗುತ್ತದೆ. 2027ರಿಂದ ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ ನೂರಕ್ಕೆ ಒಂದು ಪಾಲು ಇಂಥದ್ದನ್ನು ಬೆರೆಸುವ ಗುರಿ ಇದೆ. ಆದರೆ ದೊಡ್ಡ ಹೋಟೆಲ್‌ನ ಬಳಸಿದ ಎಣ್ಣೆ ಎಷ್ಟೋ ಸಲ ಬಯೋಡೀಸೆಲ್ ಘಟಕಕ್ಕೆ ಹೋಗುವ ಬದಲು ಕಡಿಮೆ ಬೆಲೆಗೆ ರಸ್ತೆ ಬದಿಯ ಬಜ್ಜಿ ಬಾಣಲೆಗೆ ಬಂದು ಬೀಳುತ್ತದೆ. ನಿಮ್ಮದು ಹೋಟೆಲ್, ಮೆಸ್, ಹಾಸ್ಟೆಲ್ ಅಡುಗೆಮನೆ ಆಗಿದ್ದರೆ ಎಣ್ಣೆಯನ್ನು ಸೋಸಿ, ನೀರು ಸೇರದ ಹಾಗೆ ಡಬ್ಬದಲ್ಲಿ ತುಂಬಿಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ಪಟ್ಟಿಯಲ್ಲಿರುವ ಸಂಗ್ರಹಕಾರರು ಬಂದು ದುಡ್ಡು ಕೊಟ್ಟು ಒಯ್ಯುತ್ತಾರೆ.